ಆಂಗ್ಲ ರಂಗಭೂಮಿಯಲ್ಲಿ ಕಡಲ್ಗಳ್ಳರ ಕಾಳಗ

ನಾಟಕದ ಚರಿತ್ರೆಯನ್ನು ಬರೆದೆವೆಂದು ಹೇಳುವವರಲ್ಲಿ ಬಹುಮಂದಿ ಬರೆದಿರುವುದು ನಾಟಕಗ್ರಂಥಗಳ ಚರಿತ್ರೆಯನ್ನು. ಗ್ರಂಥವು ಉಳಿಯುತ್ತದೆ; ಆದಕಾರಣ ಅದರ ವಿಚಾರವಾಗಿ ಬರೆಯುವುದು ಸುಲಭ. ನಟನು ಕೈಯಲ್ಲಿ ಕತ್ತಿಯನ್ನು ಹಿಡಿದು ಆಡಿದ ಆಟವಾದರೋ ದೀಪಗಳು ಆರಿದೊಡನೆಯೇ ಕಣ್ಮರೆಯಾಗತಕ್ಕದ್ದು. ಇಂಗ್ಲೆಂಡಿನ ರಂಗಭೂಮಿಯಲ್ಲಿ ಕಡಲ್ಗಳ್ಳರ ನಾಟಕಗಳು ತಲೆಮಾರುಗಟ್ಟಲೆ ಜನರನ್ನು ತಂಡೋಪತಂಡವಾಗಿ ಸೆಳೆದವು. ಆದರೂ ಸಾಹಿತ್ಯಚರಿತ್ರೆಗಳಲ್ಲಿ ಅವುಗಳಿಗೆ ದೊರೆತಿರುವ ಸ್ಥಳ ಒಂದೆರಡು ಪಂಕ್ತಿಗಳು ಮಾತ್ರ. ಆ ಪಂಕ್ತಿಗಳಲ್ಲಿಯೂ ತಿರಸ್ಕಾರವೇ ಹೆಚ್ಚು. ಈ ತಿರಸ್ಕಾರವು ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದೆ. ವಿಚಾರಕ್ಕೆ ಬರುವ ಪ್ರಶ್ನೆಗಳು ಎರಡು. ನಮ್ಮ ಸಮುದ್ರದಲ್ಲಿ ನಡೆದ ಒಂದು ಘೋರ ಕೃತ್ಯವು ಲಂಡನ್ ಪಟ್ಟಣದವರಿಗೆ ವಿನೋದವಾಗಿ ಪರಿಣಮಿಸಿದುದು ಹೇಗೆ? ಆ ವಿನೋದವು ಮಾತಿನ ರೂಪವನ್ನು ಬಿಟ್ಟು ಕತ್ತಿವರಸೆಯ ರೂಪವನ್ನು ತಾಳಿದುದು ಏಕೆ? ಎರಡನೆಯದಕ್ಕೆ ಉತ್ತರವು ಕವಿಗಳಲ್ಲಿ ದೊರೆಯುವುದಿಲ್ಲ. ಕಾನೂನಿನ ಪುಸ್ತಕದಲ್ಲಿ ದೊರೆಯುತ್ತದೆ.

ಮೊದಲು ಆ ಕೃತ್ಯ. ಕ್ರಿ. ಶ. ೧೬೯೫ನೆಯ ಸೆಪ್ಟೆಂಬರಿನಲ್ಲಿ ಔರಂಗಜೇಬನ ‘ಗಂಜ್-ಇ-ಸವಾಯಿ’ ಎಂಬ ದೊಡ್ಡ ಹಡಗು ಯಾತ್ರಿಕರನ್ನೂ ವ್ಯಾಪಾರದ ಹಣವನ್ನೂ ಹೊತ್ತು ಕೆಂಪು ಸಮುದ್ರದ ಕಡೆಯಿಂದ ಸೂರತ್ತಿಗೆ ಹಿಂದಿರುಗುತ್ತಿತ್ತು. ಬಾದಶಹನು ಆಗ ದಖ್ಖಣದ ದಂಡಯಾತ್ರೆಯಲ್ಲಿದ್ದನು. ಅದೇ ವರ್ಷದ ಮಾರ್ಚಿಯಲ್ಲಿ ಅವನ ಪಾಳೆಯವು ಕೃಷ್ಣಾತೀರದ ಗಲಗಲಿಯಲ್ಲಿ, ಎಂದರೆ ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ, ಬಿಟ್ಟಿದ್ದಿತು. ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿಯು ಅವನನ್ನು ಕಂಡದ್ದು ಅಲ್ಲಿಯೇ. ಹಡಗನ್ನು ಅಡ್ಡಗಟ್ಟಿದವನು ಹೆನ್ರಿ ಎವರಿ ಎಂಬ ಆಂಗ್ಲೇಯ. ಖಾಫೀಖಾನನು ತನ್ನ ಚರಿತ್ರೆಯಲ್ಲಿ ಹೇಳುವಂತೆ ಹಡಗಿನಲ್ಲಿ ಎಂಬತ್ತು ಫಿರಂಗಿಗಳೂ ನಾನೂರು ಬಂದೂಕುಗಳೂ ಇದ್ದವು. ಆದರೂ ಒಂದು ಫಿರಂಗಿ ಸಿಡಿದು, ಮುಖ್ಯ ಕೂವೆಮರಕ್ಕೆ ಪೆಟ್ಟು ಬಿದ್ದುದರಿಂದ ಅದು ಶತ್ರುವಶವಾಯಿತು. ಬೆಳ್ಳಿ ಬಂಗಾರಗಳಲ್ಲಿ ಹೋದದ್ದು ಐವತ್ತೆರಡು ಲಕ್ಷ ರೂಪಾಯಿಗಳೆಂದು ಅವನ ಲೆಕ್ಕ. ಹಡಗಿನಲ್ಲಿದ್ದ ಸ್ತ್ರೀಯರ ಮೇಲೆ ನಡೆದ ಅತ್ಯಾಚಾರಗಳನ್ನೂ, ಮಾನವನ್ನು ಉಳಿಸಿಕೊಳ್ಳಲು ಕೆಲವರು ಸಮುದ್ರಕ್ಕೆ ಹಾರಿದುದನ್ನೂ ಅವನು ಬರೆದಿದ್ದಾನೆ. ಇದು ಶತ್ರುಪಕ್ಷದವನ ಉತ್ಪ್ರೇಕ್ಷೆಯಿರಬಹುದೆಂದು ಶಂಕಿಸುವುದಕ್ಕೆ ಆಸ್ಪದವಿಲ್ಲ. ಕುಂಪಣಿಯವರ ಕಾಗದಪತ್ರಗಳೂ ಅದೇ ಮಾತನ್ನು ಹೇಳುತ್ತವೆ. ಸೂರತ್ತಿನ ಆಂಗ್ಲ ವರ್ತಕರು ಬಂಧಿತರಾದರು. ಇಂಗ್ಲೆಂಡಿನಲ್ಲಿ ಎವರಿಯ ತಲೆಗೆ ಬಹುಮಾನ ಸಾರಲ್ಪಟ್ಟಿತು. ೧೬೯೬ರ ಅಕ್ಟೋಬರಿನಲ್ಲಿ ಅವನ ಅನುಚರರಲ್ಲಿ ಆರು ಮಂದಿಯನ್ನು ಲಂಡನ್ನಿನಲ್ಲಿ ವಿಚಾರಣೆಗೆ ತಂದಾಗ ಪಂಚಾಯತರು ಮೊದಲ ಆರೋಪದಲ್ಲಿ ಅವರನ್ನು ನಿರ್ದೋಷಿಗಳೆಂದುಬಿಟ್ಟರು. ಸರ್ಕಾರವು ಗಾಬರಿಗೊಂಡು ಬೇರೊಂದು ಆರೋಪವನ್ನು ಹೊರಿಸಿ ಮತ್ತೆ ವಿಚಾರಣೆ ನಡಸಿ ಐವರನ್ನು ಥೇಮ್ಸ್ ನದಿಯ ದಡದಲ್ಲಿ ಗಲ್ಲಿಗೇರಿಸಿತು. ಎವರಿಯು ಮಾತ್ರ ಸಿಕ್ಕಲೇ ಇಲ್ಲ.

ಇದಾದ ಎರಡು ವರ್ಷಗಳಲ್ಲಿಯೇ ನಮ್ಮ ಕಾರವಾರವು ಈ ಕಥೆಯೊಳಕ್ಕೆ ಬರುತ್ತದೆ. ಕಡಲ್ಗಳ್ಳರನ್ನು ಹಿಡಿಯುವುದಕ್ಕೆಂದು ರಾಜಮುದ್ರೆಯ ಅಧಿಕಾರಪತ್ರವನ್ನು ಪಡೆದು ಹೊರಟ ವಿಲಿಯಂ ಕಿಡ್ ಎಂಬ ನಾವಿಕನು ‘ಅಡ್ವೆಂಚರ್ ಗ್ಯಾಲಿ’ ಎಂಬ ಹಡಗಿನೊಡನೆ ೧೬೯೭ರ ಸೆಪ್ಟೆಂಬರಿನಲ್ಲಿ ನೀರು ಸೌದೆಗಳಿಗಾಗಿ ಕಾರವಾರದಲ್ಲಿ ತಂಗಿದನು. ಅಲ್ಲಿ ಕುಂಪಣಿಯ ಕೋಠಿಯಿದ್ದಿತು. ಹಡಗಿನ ಕೆಲವರು ಅಲ್ಲಿಯೇ ಅವನನ್ನು ಬಿಟ್ಟು ಓಡಿಬಂದು, ಕಳ್ಳರನ್ನು ಹಿಡಿಯಬಂದವನೇ ಕಳ್ಳನಾಗಿದ್ದಾನೆಂದು ಸಾಕ್ಷ್ಯ ನುಡಿದರು. ೧೭೦೧ರ ಮೇ ೨೩ರಂದು ಕಿಡ್ಡನಿಗೆ ಲಂಡನ್ನಿನಲ್ಲಿ ಗಲ್ಲಾಯಿತು. ಸಿಕ್ಕಿ ಸತ್ತ ಕಿಡ್ಡನು ಲಾವಣಿಗಳಿಗೆ ವಸ್ತುವಾದನು. ಸಿಕ್ಕದೆ ಹೋದ ಎವರಿಯು ನಾಟಕಕ್ಕೆ ನಾಯಕನಾದನು. ಕಣ್ಮರೆಯಾದವನ ವಿಷಯದಲ್ಲಿ ಕಲ್ಪನೆಗೆ ಅಡ್ಡಿಯಿಲ್ಲವಷ್ಟೆ.

೧೭೦೯ರಲ್ಲಿ ಎವರಿಯ ಜೀವನಚರಿತ್ರೆಯೆಂಬ ಹೆಸರಿನ ಒಂದು ಚಿಕ್ಕ ಪುಸ್ತಕವು ಲಂಡನ್ನಿನಲ್ಲಿ ಹೊರಟಿತು. ಅದರ ಪ್ರಕಾರ ಎವರಿಯು ಮೊಗಲ ರಾಜಕುಮಾರಿಯನ್ನು ಮದುವೆಯಾಗಿ ಮಡಗಾಸ್ಕರ್ ದ್ವೀಪದಲ್ಲಿ ದೊರೆಯಾಗಿ ಆಳುತ್ತಿದ್ದಾನೆ! ಇದನ್ನು ಅವಲಂಬಿಸಿ ಚಾರ್ಲ್ಸ್ ಜಾನ್ಸನ್ ಎಂಬ ನಾಟಕಕಾರನು ರಚಿಸಿದ ‘ಸಕ್ಸೆಸ್‌ಫುಲ್ ಪೈರೇಟ್’, ಅಂದರೆ ‘ಗೆದ್ದ ಕಡಲ್ಗಳ್ಳ’, ಎಂಬ ನಾಟಕವು ೧೭೧೨ರ ನವೆಂಬರಿನಲ್ಲಿ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಪ್ರಯೋಗವಾಯಿತು. ಎವರಿಯು ಅಲ್ಲಿ ಅರ್ವಿರಾಗಸ್ ಎಂಬ ರಾಜ. ಸೆರೆಸಿಕ್ಕಿದವಳು ಔರಂಗಜೇಬನ ಮೊಮ್ಮಗಳಾದ ಜೈದಾ. ರಾಜನು ಅವಳನ್ನು ಬಯಸುತ್ತಾನೆ. ಅವಳು ಅರಾನೆಸ್ ಎಂಬ ಯುವಕನಲ್ಲಿ ಅನುರಕ್ತೆ. ಕಡೆಗೆ ಆ ಯುವಕನೇ ರಾಜನ ಮಗನೆಂದು ಗೊತ್ತಾಗಿ ಎಲ್ಲವೂ ಸುಖಾಂತವಾಗುತ್ತದೆ. ಸಮುದ್ರಕ್ಕೆ ಹಾರಿದ ಹೆಂಗಸರು ಈ ಹದಿನೇಳು ವರ್ಷಗಳಲ್ಲಿ ಎಲ್ಲಿ ಹೋದರೆಂದು ಕೇಳಬೇಕಾಗಿದೆ. ಅಪರಾಧವು ಅಪಹಾರವಾಯಿತು, ಅಪಹಾರವು ಪ್ರಣಯವಾಯಿತು, ಪ್ರಣಯವು ಕುಲಗೋತ್ರಗಳ ಗುರುತಿನಲ್ಲಿ ಕೊನೆಗೊಂಡಿತು. ಆ ಕಾಲದಲ್ಲಿಯೇ ಇದನ್ನು ಆಕ್ಷೇಪಿಸಿದವನೊಬ್ಬನುಂಟು. ಜಾನ್ ಡೆನ್ನಿಸ್ ಎಂಬ ವಿಮರ್ಶಕನು, ಗಲ್ಲಿಗೆ ಅರ್ಹನಾದ ಕಳ್ಳನನ್ನು ರಾಜನನ್ನಾಗಿ ಮಾಡಿ ತೋರಿಸುವುದಕ್ಕೆ ಅನುಮತಿ ಕೊಟ್ಟುದೇಕೆಂದು ರಾಜವಿನೋದಗಳ ಅಧಿಕಾರಿಗೆ ಕಾಗದ ಬರೆದನು. ಡೆನ್ನಿಸನು ಜಗಳಗಂಟನೆಂದು ಹೆಸರಾದವನು. ಆದರೂ ಈ ವಿಷಯದಲ್ಲಿ ಅವನ ಪಕ್ಷದಲ್ಲಿ ಹೇಳಬಹುದಾದುದು ಸಾಕಷ್ಟಿದೆ. ಒಂದು ಮಾತನ್ನು ಇಲ್ಲಿಯೇ ಸೇರಿಸಬಹುದು. ೧೭೨೪ರಲ್ಲಿ ಪ್ರಕಟವಾಗಿ, ಮುಂದಿನ ಕಡಲ್ಗಳ್ಳರ ಕಥೆಗಳಿಗೆಲ್ಲ ಆಕರವಾದ ಮಹಾಗ್ರಂಥದ ಕರ್ತೃವಿನ ಹೆಸರೂ ಚಾರ್ಲ್ಸ್ ಜಾನ್ಸನ್ ಎಂದೇ ಇದೆ. ಅದು ಅಂಕಿತನಾಮವೆಂದೂ ನಾಟಕಕಾರನ ಹೆಸರನ್ನು ಪರಿಹಾಸಕ್ಕಾಗಿ ಎರವಲು ಪಡೆದದ್ದೆಂದೂ ಊಹಿಸುವವರಿದ್ದಾರೆ.

ಜಾನ್ ಗೇ ಕವಿಯ ‘ಪಾಲಿ’ ಎಂಬ ಗೀತನಾಟಕದ ಗತಿ ಬೇರೆ. ಅವನ ಪ್ರಸಿದ್ಧವಾದ ‘ಬೆಗ್ಗರ್ಸ್ ಆಪೆರಾ’ದ ಮುಂದುವರಿಕೆ ಇದು, ನಡೆಯುವುದು ವೆಸ್ಟ್ ಇಂಡೀಸಿನಲ್ಲಿ. ದಾರಿಗಳ್ಳನಾಗಿದ್ದ ಮ್ಯಾಕ್‌ಹೀತನು ಇಲ್ಲಿ ವೇಷ ಮರೆಸಿಕೊಂಡು ಕಡಲ್ಗಳ್ಳರ ನಾಯಕನಾಗಿದ್ದಾನೆ. ನಾಯಿಕೆ ಗಂಡುಡುಗೆ ತೊಟ್ಟು ಅವನನ್ನು ಅರಸಿಕೊಂಡು ಹೋಗುತ್ತಾಳೆ. ಕಳ್ಳರ ನೆವದಲ್ಲಿ ಮಂತ್ರಿಗಳನ್ನು ಹಳಿಯುವ ಗೇಯ ಹವ್ಯಾಸವನ್ನು ಅರಿತಿದ್ದ ಅಧಿಕಾರಿಗಳು ೧೭೨೮ರ ಡಿಸೆಂಬರಿನಲ್ಲಿ ಇದರ ಪ್ರಯೋಗವನ್ನು ನಿಷೇಧಿಸಿದರು. ಮುದ್ರಿತ ಪುಸ್ತಕವು ಚೆನ್ನಾಗಿ ವಿಕ್ರಯವಾಯಿತು. ರಂಗವನ್ನು ಕಂಡದ್ದು ೧೭೭೭ರಲ್ಲಿ, ಕವಿ ಸತ್ತು ನಾಲ್ವತ್ತೈದು ವರ್ಷಗಳ ಮೇಲೆ.

ಇನ್ನು ಎರಡನೆಯ ಪ್ರಶ್ನೆ. ೧೭೩೭ರಲ್ಲಿ ಪಾರ್ಲಿಮೆಂಟು ನಾಟಕಗಳ ವಿಷಯವಾಗಿ ಒಂದು ಶಾಸನವನ್ನು ಮಾಡಿತು. ಅದರಿಂದ ಲಂಡನ್ನಿನಲ್ಲಿ ಮಾತಿನ ನಾಟಕವನ್ನು ಆಡುವ ಹಕ್ಕು ರಾಜಪತ್ರವುಳ್ಳ ಡ್ರೂರಿ ಲೇನ್, ಕವೆಂಟ್ ಗಾರ್ಡನ್ ಎಂಬ ಎರಡು ಶಾಲೆಗಳಿಗೂ, ಆಮೇಲೆ ಬೇಸಗೆಯ ಕಾಲದಲ್ಲಿ ಹೇಮಾರ್ಕೆಟ್ ಶಾಲೆಗೂ ಮಾತ್ರ ಉಳಿಯಿತು. ಉಳಿದ ಶಾಲೆಗಳು ಸಂಗೀತಕ್ಕೂ ನರ್ತನಕ್ಕೂ ಮಾತ್ರ ಪರವಾನಗಿಯನ್ನು ಪಡೆಯಬಹುದಾಗಿದ್ದಿತು. ವಾದ್ಯವಿಲ್ಲದೆ ಆಡಿದ ಒಂದು ಮಾತೂ ಅಪರಾಧವೇ. ೧೭೮೭ರಲ್ಲಿ ಜಾನ್ ಪಾಮರ್ ಎಂಬ ನಟನು ಊರಿನ ಪೂರ್ವಭಾಗದಲ್ಲಿ ರಾಯಲ್ಟಿ ಎಂಬ ನಾಟಕಶಾಲೆಯನ್ನು ತೆರೆದು ಮಾತಿನ ನಾಟಕವನ್ನು ಆಡಲು ಹೋಗಿ ಕೈಸುಟ್ಟುಕೊಂಡನು. ಅಲ್ಲಿಯ ಡೆಲ್ಪಿನಿ ಎಂಬ ಹಾಸ್ಯಗಾರನು ವಾದ್ಯದ ಹಿಮ್ಮೇಳವಿಲ್ಲದೆ ‘ಹುರಿದ ಮಾಂಸ’ ಎಂಬೆರಡು ಮಾತುಗಳನ್ನು ಕೂಗಿ ಸೆರೆಮನೆಗೆ ಹೋದನೆಂದು ಐತಿಹ್ಯವಿದೆ. ಐತಿಹ್ಯವು ನಿಜವಾಗಿರಲಿ, ಬಿಡಲಿ, ಕಾಲದ ಸ್ಥಿತಿಯನ್ನು ಅದು ಸರಿಯಾಗಿಯೇ ತಿಳಿಸುತ್ತದೆ.

ಹೀಗಿರಲು ಸಣ್ಣ ನಾಟಕಶಾಲೆಗಳ ಒಡೆಯರು ಮಾಡಬೇಕಾದುದೇನು? ಬಾಯನ್ನು ಕಟ್ಟಿದವರು ಕೈಯನ್ನು ಕಟ್ಟಿರಲಿಲ್ಲ. ಅವರು ಮೂಕಾಭಿನಯವನ್ನು ಬೆಳಸಿದರು, ಕುದುರೆಗಳನ್ನು ತಂದರು, ಅಗತ್ಯವಾದ ಮಾತನ್ನು ಬಟ್ಟೆಯ ಪಟದ ಮೇಲೆ ದಪ್ಪಕ್ಷರದಲ್ಲಿ ಬರೆದು ಸಭೆಗೆ ಬಿಚ್ಚಿ ತೋರಿಸಿದರು, ಎಲ್ಲಕ್ಕೂ ಮಿಗಿಲಾಗಿ ವಾದ್ಯದ ಗತಿಗೆ ಹೊಂದಿಸಿ ಖಡ್ಗಯುದ್ಧವನ್ನು ಆಡಿದರು. ಪ್ರತಿಜ್ಞೆ, ತಿರಸ್ಕಾರ, ಕರುಣೆ, ಸೋಲು, ಪಶ್ಚಾತ್ತಾಪ ಇವನ್ನೆಲ್ಲ ದೊಡ್ಡ ಶಾಲೆಯ ನಟನು ಪದ್ಯದಲ್ಲಿ ಹೇಳುತ್ತಿದ್ದರೆ, ಸಣ್ಣ ಶಾಲೆಯ ನಟನು ಕತ್ತಿಯಿಂದ ಹೇಳಬೇಕಾಗಿದ್ದಿತು. ಕಾಳಗವನ್ನು ಈ ನಾಟಕಗಳಿಗೆ ಅಂಟಿಸಿದ ಅಗ್ಗದ ಅಲಂಕಾರವೆಂದು ಭಾವಿಸುವವರು ಈ ಸಂಗತಿಯನ್ನು ಮರೆಯುತ್ತಾರೆ. ಕಾಳಗವೇ ಅಲ್ಲಿಯ ಸಂಭಾಷಣೆ. ಇಂಥ ಭಾಷೆಗೆ ಕಡಲ್ಗಳ್ಳನಿಗಿಂತ ಅನುಕೂಲವಾದ ಪಾತ್ರ ಯಾವುದು? ಅವನಿಗೆ ತರ್ಕವಿಲ್ಲ, ಸ್ವಗತವಿಲ್ಲ. ಸೊಂಟದಲ್ಲಿ ಕತ್ತಿ ಇದೆ.

೧೭೯೮ರಲ್ಲಿ ಥೇಮ್ಸಿನ ದಕ್ಷಿಣಕ್ಕಿದ್ದ ರಾಯಲ್ ಸರ್ಕಸ್ ಎಂಬ ಶಾಲೆಯಲ್ಲಿ ಜೆ. ಸಿ. ಕ್ರಾಸ್ ಎಂಬುವನು ರಚಿಸಿದ ‘ಬ್ಲ್ಯಾಕ್‌ಬಿಯರ್ಡ್, ಅಥವಾ ಸೆರೆಯಾದ ರಾಜಕುಮಾರಿ’ ಎಂಬ ಮೂಕನಾಟಕವು ಪ್ರಯೋಗವಾಯಿತು. ‘ಕರಿಗಡ್ಡ’ನೆಂದು ಕುಪ್ರಸಿದ್ಧನಾದ ಎಡ್ವರ್ಡ್ ಟೀಚನು ಚಾರಿತ್ರಿಕ ವ್ಯಕ್ತಿ, ಅಮೆರಿಕದ ಕ್ಯಾರೊಲೈನಾ ತೀರದ ಒಕ್ರಕೋಕಿನಲ್ಲಿ ೧೭೧೮ರ ನವೆಂಬರ್ ೨೨ರಂದು ಮೇನಾರ್ಡ್ ಎಂಬ ನೌಕಾಧಿಕಾರಿಯೊಡನೆ ಕೈಗೆ ಕೈ ಹತ್ತಿ ಹೋರಾಡಿ, ಐದು ಗುಂಡುಗಳೂ ಇಪ್ಪತ್ತು ಕತ್ತಿಯ ಗಾಯಗಳೂ ಮೈಮೇಲಿರಲು ಬಿದ್ದು ಸತ್ತವನು. ಅವನು ಹಿಂದೂ ಮಹಾಸಾಗರದಲ್ಲಿ ದರೋಡೆ ನಡಸಿದವನಲ್ಲ. ಆದರೂ ಕ್ರಾಸನ ನಾಟಕದಲ್ಲಿ ಅವನ ಹಡಗಿನಲ್ಲಿ ಸೆರೆಯಾಗಿರುವವಳು ಇಸ್ಮೆನೆ ಎಂಬ ಮೊಗಲ ರಾಜಕುಮಾರಿ. ಅವಳ ಪ್ರಿಯನು ಅಬ್ದಲ್ಲಾ. ಎವರಿಯ ಬಲಿಯನ್ನು ಕರಿಗಡ್ಡನ ಹಡಗಿಗೆ ಸಾಗಿಸಲಾಗಿದೆ ಎಂಬುದು ಸ್ಪಷ್ಟ. ನೂರು ವರ್ಷಗಳಲ್ಲಿ ಆಕೆಯ ವಂಶವೂ ದೇಶವೂ ಅಸ್ಪಷ್ಟವಾಗಿ, ನೀಳವಾದ ಮುಸುಕು ಮತ್ತು ಮುತ್ತಿನ ಸರಗಳು ಮಾತ್ರ ಉಳಿದವು. ಚಾರಿತ್ರಿಕವಾದ ಅಂಶವು ಉಳಿದಿರುವುದು ಕಾಳಗದಲ್ಲಿ: ಮೇನಾರ್ಡನ ಹಡಗು ಬಂದು ತಾಗುವುದು, ನಾವಿಕರು ಹಾರಿ ಹತ್ತುವುದು, ನಾಯಕರಿಬ್ಬರ ದ್ವಂದ್ವ, ಕಳ್ಳನ ಪತನ. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಕಾಲವದು. ರಂಗದ ಮೇಲೆ ಆಂಗ್ಲ ನೌಕಾಬಲವು ಸೋಲುವುದು ಊಹೆಗೂ ಮೀರಿದ ಮಾತು.

ನೀರಿನ ಮೇಲಿನ ಕಾಳಗವನ್ನು ಒಣ ಹಲಗೆಯ ಮೇಲೆ ತೋರಿಸುವುದರಿಂದ ತೃಪ್ತಿಯಾಗದೆ ಇಮ್ಮಡಿ ಚಾರ್ಲ್ಸ್ ಡಿಬ್ಡಿನನು ೧೮೦೪ರಲ್ಲಿ ಸ್ಯಾಡ್ಲರ್ಸ್ ವೆಲ್ಸ್ ಶಾಲೆಯ ರಂಗವನ್ನೇ ಕೆರೆಯನ್ನಾಗಿ ಮಾಡಿದನು. ತೊಂಬತ್ತು ಅಡಿ ಉದ್ದ, ಮೂರಡಿ ಆಳದ ತೊಟ್ಟಿ. ನೀರು ಬಂದದ್ದು ಪಕ್ಕದಲ್ಲಿ ಹರಿಯುತ್ತಿದ್ದ ನ್ಯೂ ರಿವರ್ ಕಾಲುವೆಯಿಂದ. ಅಡಿಗೆ ಒಂದಂಗುಲದ ಪ್ರಮಾಣದಲ್ಲಿ ಹಡಗುಕಟ್ಟೆಯ ಬಡಗಿಗಳು ಮಾಡಿದ ನೂರಕ್ಕೂ ಹೆಚ್ಚು ಹಡಗುಗಳು ಅದರ ಮೇಲೆ ತೇಲಿ ಜಿಬ್ರಾಲ್ಟರ್ ಮುತ್ತಿಗೆಯನ್ನು ಆಡಿದವು. ಹಡಗುಗಳು ಚಿಕ್ಕವಾದುದರಿಂದ ನೀರಿಗೆ ಬಿದ್ದು ಈಜುವ ಸ್ಪೇನಿನ ನಾವಿಕರ ಪಾತ್ರವನ್ನು ಮಕ್ಕಳು ವಹಿಸಬೇಕಾಯಿತು. ಜನರು ಇದನ್ನು ಕಂಡು ಬೆರಗಾದರು. ತಣ್ಣೀರಿನಲ್ಲಿ ರಾತ್ರಿಯ ಮೇಲೆ ರಾತ್ರಿ ಮುಳುಗೇಳುತ್ತಿದ್ದ ಆ ಮಕ್ಕಳ ಸ್ಥಿತಿಯನ್ನು ನೆನೆದರೆ ನಮ್ಮ ಬೆರಗು ಕೊಂಚ ಕುಗ್ಗುತ್ತದೆ.

ಇನ್ನು ಕಾಳಗದ ತಂತ್ರ. ಊರಿಂದೂರಿಗೆ ಅಲೆಯುವ ಮಂಡಲಿಗಳಲ್ಲಿ ವಾರಕ್ಕೆ ಹಲವು ನಾಟಕಗಳು ನಡೆಯುತ್ತಿದ್ದವು. ಪ್ರತಿಯೊಂದು ಕಾಳಗಕ್ಕೂ ಹೊಸದಾಗಿ ಅಭ್ಯಾಸಮಾಡಲು ಯಾರಿಗೂ ಸಮಯವಿರಲಿಲ್ಲ. ಆದಕಾರಣ ನಟರಲ್ಲಿ ಕೆಲವು ಸಿದ್ಧವಾದ ವರಸೆಗಳು ಪರಂಪರೆಯಾಗಿ ಬಂದವು. ‘ದುಂಡು ಎಂಟು’, ‘ಚೌಕ ಎಂಟು’, ‘ಗ್ಲಾಸ್ಗೋ ಹತ್ತು’ ಎಂದು ಅವುಗಳ ಹೆಸರು. ಪೆಟ್ಟುಗಳ ಎಣಿಕೆಯಿಂದ ಬಂದ ಹೆಸರುಗಳು. ಹೊಸ ಊರಿಗೆ ಬಂದ ನಟನು ಸಂಜೆಯ ಎದುರಾಳಿಯನ್ನು ನೇಪಥ್ಯದಲ್ಲಿ ಕಂಡು, ಮೊದಲು ಇಂಥ ಎಂಟು, ಆಮೇಲೆ ಇಂಥ ಹತ್ತು ಎಂದು ಮಾತನಾಡಿಕೊಂಡರೆ ಸಾಕು. ಇಬ್ಬರೂ ತಲೆ, ಭುಜ, ಪಕ್ಕೆ, ಮೊಣಕಾಲುಗಳಿಗೆ ಬರುವ ಪೆಟ್ಟುಗಳನ್ನು ಎಣಿಕೆ ತಪ್ಪದೆ ಕೊಟ್ಟು ತಡೆಯುತ್ತಿದ್ದರು. ಬಳಸುತ್ತಿದ್ದುದು ಮೊನೆಯಿಂದ ಇರಿಯುವ ಸಣ್ಣ ಕತ್ತಿಯನ್ನಲ್ಲ. ಕೈಗೆ ಬುಟ್ಟಿಯಂಥ ಹಿಡಿಕೆಯಿರುವ ಅಗಲವಾದ ಕತ್ತಿಯನ್ನು. ಅದರ ಬೀಸು ಹಿಂದಿನ ಸಾಲಿನವನಿಗೂ ಕಾಣುತ್ತದೆ, ಸದ್ದು ಕಿವಿಗೆ ತಾಗುತ್ತದೆ, ಉಕ್ಕಿನಿಂದ ಕಿಡಿ ಹಾರುತ್ತದೆ. ಹಾಡುಗಾರನಿಗೆ ಕೃತಿಗಳು ಕಂಠಸ್ಥವಾಗಿರುವಂತೆ ಇವರಿಗೆ ವರಸೆಗಳು ಹಸ್ತಗತವಾಗಿದ್ದವು.

ಸಂಸ್ಕೃತ ಬಲ್ಲ ವಾಚಕರಿಗೆ ಇಲ್ಲಿ ಭರತನ ನಾಟ್ಯಶಾಸ್ತ್ರವು ಸ್ಮರಣೆಗೆ ಬಾರದಿರದು. ರಂಗದ ಮೇಲೆ ಶಸ್ತ್ರಪ್ರಯೋಗಕ್ಕೆ ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕ ಎಂಬ ನಾಲ್ಕು ‘ನ್ಯಾಯ’ಗಳನ್ನು ಅವನು ಹೇಳಿದ್ದಾನೆ, ಛೇದನ, ಭೇದನ, ರಕ್ತಸ್ರಾವಗಳು ಕೂಡದು, ಶಸ್ತ್ರಮೋಕ್ಷವು ಸಂಜ್ಞಾಮಾತ್ರವಾಗಿರಬೇಕೆಂದು ವಿಧಿಸಿದ್ದಾನೆ. ನಮ್ಮ ಯಕ್ಷಗಾನದಲ್ಲಿಯೂ ಯುದ್ಧವು ಚೆಂಡೆಯ ಪೆಟ್ಟಿಗೆ ಕುಣಿದು ತೋರಿಸತಕ್ಕದ್ದೇ ಹೊರತು ಹೊಡೆದು ತೋರಿಸತಕ್ಕದ್ದಲ್ಲ. ಲಂಡನ್ನಿನ ನಟರು ಭರತನನ್ನು ಓದಿದವರಲ್ಲ. ಎರಡಕ್ಕೂ ಸಂಬಂಧವನ್ನು ಕಲ್ಪಿಸುವ ಸಾಹಸವೂ ಬೇಡ. ಆದರೆ ಎಣಿಕೆ ಮತ್ತು ವಾದ್ಯಗಳೆರಡೂ ಕೂಡಿ ಹಿಂಸೆಯನ್ನು ಕಲೆಯ ಮೇರೆಯೊಳಗೆ ಹಿಡಿದಿಡುವುದನ್ನು ಅವರು ತಮ್ಮದೇ ಆದ ದಾರಿಯಿಂದ ಕಂಡುಕೊಂಡರು. ಭೇದವೂ ಇದೆ: ಅವರಲ್ಲಿ ಉಕ್ಕು ಉಕ್ಕಿಗೆ ನಿಜವಾಗಿಯೂ ತಗುಲುತ್ತಿತ್ತು.

ಈ ಕಲೆಗೆ ನಮಗಿರುವ ಉತ್ತಮ ಸಾಕ್ಷಿ ಒಬ್ಬ ಕಾದಂಬರಿಕಾರ. ಡಿಕನ್ಸನು ೧೮೩೮-೩೯ರಲ್ಲಿ ಪ್ರಕಟಿಸಿದ ‘ನಿಕೊಲಸ್ ನಿಕಲ್ಬಿ’ಯಲ್ಲಿ ಕ್ರಮಲ್ಸನೆಂಬ ನಾಟಕ ಮಂಡಲಿಯ ಯಜಮಾನನು ಪೋರ್ಟ್ಸ್‌ಮತ್ತಿನ ದಾರಿಯ ಒಂದು ಛತ್ರದಲ್ಲಿ ತನ್ನ ಇಬ್ಬರು ಮಕ್ಕಳಿಗೆ ನಾವಿಕರ ವೇಷ ತೊಡಿಸಿ ಕತ್ತಿಯ ಕಾಳಗವನ್ನು ಅಭ್ಯಾಸಮಾಡಿಸುತ್ತಿರುವ ಸನ್ನಿವೇಶವಿದೆ. ಹುಡುಗರಲ್ಲಿ ಒಬ್ಬನು ಬಹು ಎತ್ತರ, ಇನ್ನೊಬ್ಬನು ಬಹು ಗಿಡ್ಡ. ಇಬ್ಬರೂ ಸಮನಾಗಿದ್ದರೆ ಚೆನ್ನಾಗಿರುತ್ತಿತ್ತಲ್ಲವೆ ಎಂದು ನಿಕೊಲಸನು ಕೇಳಿದಾಗ ಯಜಮಾನನು ಚಕಿತನಾಗುತ್ತಾನೆ: ಚಿಕ್ಕವನು ದೊಡ್ಡವನೊಡನೆ ಹೋರಾಡದಿದ್ದರೆ ಸಭಿಕರ ಮರುಕವನ್ನು ಸಂಪಾದಿಸುವುದು ಹೇಗೆ? ಅದಿಲ್ಲವಾದರೆ ಒಬ್ಬನಿಗೆ ಐವರಾದರೂ ಎದುರಾಗಬೇಕು. ಅಷ್ಟು ಜನ ತನ್ನ ಮಂಡಲಿಯಲ್ಲಿಲ್ಲ! ಡಿಕನ್ಸನು ನಗಿಸಲು ಬರೆದನು, ನಿಜ. ಆದರೆ ಯಜಮಾನನ ಮಾತು ರಸಶಾಸ್ತ್ರಕ್ಕೆ ವಿರೋಧವಾದುದಲ್ಲ. ಕಾಳಗದಲ್ಲಿ ಸಭೆ ನೋಡುವುದು ಕತ್ತಿಯನ್ನಲ್ಲ, ಅಸಮತೆಯನ್ನು ಎಂಬುದನ್ನು ಅವನು ಅನುಭವದಿಂದ ಬಲ್ಲನು.

ಇನ್ನೊಂದು ಸಾಕ್ಷಿ ಕಾಗದದ್ದು. ೧೮೧೧ರಿಂದೀಚೆಗೆ ಲಂಡನ್ನಿನ ಅಂಗಡಿಗಳಲ್ಲಿ ಮಕ್ಕಳ ಆಟದ ನಾಟಕಶಾಲೆಗಾಗಿ ಪಾತ್ರಗಳ ಚಿತ್ರಪಟಗಳು ಮಾರಾಟಕ್ಕೆ ಬಂದವು. ಬಣ್ಣವಿಲ್ಲದ್ದಕ್ಕೆ ಒಂದು ಪೆನ್ನಿ, ಬಣ್ಣದ್ದಕ್ಕೆ ಎರಡು. ನಡೆಯುತ್ತಿದ್ದ ನಾಟಕಗಳನ್ನೇ ನೋಡಿ ಬರೆದ ಚಿತ್ರಗಳಾದುದರಿಂದ ನಟರ ನಿಲುವು, ಕತ್ತಿ ಎತ್ತಿದ ಭಂಗಿ, ಕಾಲಿಟ್ಟ ಅಂತರ ಇವು ಅವುಗಳಲ್ಲಿ ಉಳಿದಿವೆ. ಈ ಪಟಗಳ ಮೇಲೆ ಸ್ಟೀವನ್ಸನನಿಗಿದ್ದ ಮಮತೆಯು ೧೮೮೪ರ ಅವನ ಪ್ರಬಂಧವೊಂದರಿಂದ ತಿಳಿಯುತ್ತದೆ. ‘ಟ್ರೆಷರ್ ಐಲೆಂಡ್’ ಪುಸ್ತಕರೂಪದಲ್ಲಿ ಬಂದದ್ದು ಅದಕ್ಕೆ ಹಿಂದಿನ ವರ್ಷ. ಆ ಕಾದಂಬರಿಯ ಕಡಲ್ಗಳ್ಳರಿಗೆ ಸಮುದ್ರಕ್ಕಿಂತ ಈ ಕಾಗದದ ರಂಗವೇ ತವರೆಂದು ಹೇಳಿದರೆ ತಪ್ಪಾಗಲಾರದು.

ನಟರಲ್ಲಿ ಒಬ್ಬನನ್ನಾದರೂ ಹೆಸರಿಸಬೇಕು. ಟಿ. ಪಿ. ಕುಕ್ಕನು ೧೭೮೬ರಲ್ಲಿ ಹುಟ್ಟಿ ಹತ್ತನೆಯ ವಯಸ್ಸಿನಲ್ಲಿ ನೌಕಾಬಲವನ್ನು ಸೇರಿ ೧೭೯೭ರ ಸೇಂಟ್ ವಿನ್ಸೆಂಟ್ ಭೂಶಿರದ ಕದನದಲ್ಲಿದ್ದವನು. ೧೮೦೪ರಲ್ಲಿ ರಂಗಕ್ಕೆ ಬಂದನು. ೧೮೨೯ರ ಜೂನ್ ೮ರಂದು ಸರ್ರೆ ಶಾಲೆಯಲ್ಲಿ (ಹಿಂದಿನ ರಾಯಲ್ ಸರ್ಕಸ್ಸೇ ಇದು) ಪ್ರಯೋಗವಾದ ಡಗ್ಲಸ್ ಜೆರೊಲ್ಡನ ‘ಬ್ಲ್ಯಾಕ್-ಐಡ್ ಸೂಸನ್’ ನಾಟಕದಲ್ಲಿ ಅವನು ವಿಲಿಯಂ ಎಂಬ ನಾವಿಕನಾಗಿ ಪಡೆದ ಕೀರ್ತಿ ಅಪಾರ. ನಾಟಕವು ನೂರೈವತ್ತಕ್ಕೂ ಹೆಚ್ಚು ರಾತ್ರಿ ನಡೆಯಿತು. ವಿಲಿಯಂ ಕಳ್ಳಸಾಗಣೆಗಾರರನ್ನು ಹೊಡೆದೋಡಿಸುವಾಗ ಜನ ಕೈತಟ್ಟುತ್ತಿದ್ದರು. ತನ್ನ ಹೆಂಡತಿಯ ಮೇಲೆ ಕೈಮಾಡಿದ ಮೇಲಧಿಕಾರಿಯನ್ನು ಅವನು ಕತ್ತಿಯಿಂದ ಹೊಡೆದಾಗಲೋ, ಶಿಕ್ಷೆ ಮರಣವೆಂದು ಸಭೆಯಲ್ಲಿ ಪ್ರತಿಯೊಬ್ಬ ನಾವಿಕನಿಗೂ ಗೊತ್ತಿದ್ದಿತು. ಜೆರೊಲ್ಡನೂ ಹುಡುಗನಾಗಿ ನೌಕಾಬಲದಲ್ಲಿದ್ದವನು. ಹಡಗಿನ ಕ್ರೌರ್ಯವನ್ನು ಬಲ್ಲ ಇಬ್ಬರು ಸೇರಿದ್ದರಿಂದ ಒಂದು ಪೆಟ್ಟಿಗೆ ಇಷ್ಟು ಅರ್ಥ ಬಂದಿತು. ಈ ಮಾದರಿಯ ನಾಟಕಗಳಲ್ಲಿ ನನಗೆ ನಿಜವಾಗಿಯೂ ಉತ್ತಮವೆಂದು ತೋರುವುದು ಇದೊಂದೇ. ಇದರಲ್ಲಿ ಕಡಲ್ಗಳ್ಳನಿಲ್ಲವೆಂಬುದನ್ನೂ ಗಮನಿಸಬೇಕು.

ಸ್ತ್ರೀಯರೂ ಕತ್ತಿ ಹಿಡಿದರು. ೧೭೨೦ರಲ್ಲಿ ಜಮೈಕದಲ್ಲಿ ವಿಚಾರಣೆಗೊಳಗಾದ ಆನ್ ಬಾನಿ, ಮೇರಿ ರೀಡ್ ಎಂಬ ಇಬ್ಬರ ವೃತ್ತಾಂತವು ಪ್ರಸಿದ್ಧವಾಗಿಯೇ ಇದ್ದಿತು. ರಂಗದಲ್ಲಿ ಫ್ರೆಂಚ್ ನರ್ತಕಿ ಸೆಲೆಸ್ತೆಯು ಇಂಗ್ಲಿಷನ್ನು ಸರಿಯಾಗಿ ಆಡಲಾರದವಳಾಗಿದ್ದರೂ ‘ಫ್ರೆಂಚ್ ಸ್ಪೈ’ ಮೊದಲಾದ ನಾಟಕಗಳಲ್ಲಿ ಗಂಡುವೇಷದ ಮೂಕಪಾತ್ರಗಳಿಂದಲೂ ಖಡ್ಗಯುದ್ಧದಿಂದಲೂ ಇಂಗ್ಲೆಂಡನ್ನೂ ಅಮೆರಿಕವನ್ನೂ ಗೆದ್ದಳು. ಕಾನೂನು ಕೊಟ್ಟ ಮೂಕತನವು ಪರದೇಶದವಳೊಬ್ಬಳಿಗೆ ಹೀಗೆ ಅನ್ನವಾಯಿತು.

೧೮೪೩ರ ಶಾಸನವು ಮಾತಿನ ಮೇಲಿನ ಏಕಸ್ವಾಮ್ಯವನ್ನು ತೆಗೆದುಹಾಕಿತು. ಕಾಳಗವು ಒಡನೆಯೇ ನಿಲ್ಲಲಿಲ್ಲ. ಆದರೆ ಅದು ಇನ್ನು ಅಗತ್ಯವಾಗಿರಲಿಲ್ಲ. ಅಗತ್ಯವಿಲ್ಲದ ಕಲೆ ಒಂದೋ ಸೂಕ್ಷ್ಮವಾಗುತ್ತದೆ, ಇಲ್ಲವೆ ಹಾಸ್ಯಾಸ್ಪದವಾಗುತ್ತದೆ. ಇಲ್ಲಿ ಎರಡೂ ನಡೆದವು. ಒಂದು ಕಡೆ ಹೆನ್ರಿ ಇರ್ವಿಂಗನು ೧೮೮೫ರ ‘ಫೌಸ್ಟ್’ ಪ್ರಯೋಗದಲ್ಲಿ ಕತ್ತಿಗಳಿಗೆ ವಿದ್ಯುತ್ತನ್ನು ಹರಿಸಿ ಕಿಡಿಗಳನ್ನು ಹಾರಿಸಿದನು. ಎಗರ್ಟನ್ ಕ್ಯಾಸಲ್, ಆಲ್ಫ್ರೆಡ್ ಹಟನ್ ಎಂಬ ವಿದ್ವಾಂಸರು ಹಳೆಯ ಖಡ್ಗವಿದ್ಯೆಯ ಗ್ರಂಥಗಳನ್ನು ಶೋಧಿಸಿ ನಟರಿಗೆ ಪಾಠ ಹೇಳಿದರು. ಇನ್ನೊಂದು ಕಡೆ ಗಿಲ್ಬರ್ಟ್-ಸಲಿವನ್ನರ ‘ಪೈರೇಟ್ಸ್ ಆಫ್ ಪೆನ್ಜಾನ್ಸ್’ ಬಂದಿತು. ಅಲ್ಲಿಯ ಕಡಲ್ಗಳ್ಳರು ಅನಾಥರೆಂದು ಹೇಳಿಕೊಂಡವರನ್ನು ದೋಚುವುದಿಲ್ಲ. ರಾಣಿಯ ಹೆಸರನ್ನೆತ್ತಿದೊಡನೆ ಕತ್ತಿಯನ್ನು ಕೆಳಗಿಡುತ್ತಾರೆ. ಈ ನಾಟಕದ ಹುಟ್ಟೇ ಒಂದು ಕಳ್ಳತನದ ಪರಿಣಾಮ. ಅವರ ಹಿಂದಿನ ಗೀತನಾಟಕವಾದ ‘ಪಿನಫೋರ್’ ಅನ್ನು ಅಮೆರಿಕದ ಮಂಡಲಿಗಳು ಒಂದು ಕಾಸನ್ನೂ ಕೊಡದೆ ಆಡಿಬಿಟ್ಟಿದ್ದವು. ಅದು ಪುನಃ ಆಗದಿರಲೆಂದು ಕರ್ತೃಗಳು ೧೮೭೯ರ ಡಿಸೆಂಬರ್ ೩೧ರಂದು ನ್ಯೂಯಾರ್ಕಿನಲ್ಲಿಯೇ ಪ್ರಥಮ ಪ್ರಯೋಗವನ್ನು ನಡಸಿದರು. ಇಂಗ್ಲೆಂಡಿನ ಹಕ್ಕಿಗಾಗಿ ಹಿಂದಿನ ದಿನ ಪೇಂಟನ್ ಎಂಬ ಊರಿನಲ್ಲಿ ಒಂದು ಮಂಡಲಿಯು ‘ಪಿನಫೋರ್’ ನಾಟಕದ ಉಡುಪಿನಲ್ಲಿಯೇ ತಲೆಗೆ ಕರವಸ್ತ್ರಗಳನ್ನು ಸುತ್ತಿಕೊಂಡು, ಕೈಯಲ್ಲಿ ಪುಸ್ತಕವನ್ನು ಹಿಡಿದು ಓದಿಕೊಂಡೇ ಆಡಿ ಮುಗಿಸಿತು.

ನಗುವಿನ ಮಧ್ಯೆ ಅಪಾಯವಿರಲಿಲ್ಲವೆಂದಲ್ಲ. ೧೮೯೬ರ ಆಗಸ್ಟ್ ೧೦ರಂದು ಲಂಡನ್ನಿನ ನಾವೆಲ್ಟಿ ಶಾಲೆಯಲ್ಲಿ ‘ಸಿನ್ಸ್ ಆಫ್ ದಿ ನೈಟ್’ ಎಂಬ ನಾಟಕದ ಮೊದಲ ರಾತ್ರಿಯ ಕಡೆಯ ದೃಶ್ಯದಲ್ಲಿ ಕ್ರೋಜಿಯರ್ ಎಂಬ ತರುಣ ನಟನಿಗೆ ಎದುರು ನಟನ ಕೈಯ ಕಠಾರಿ ತಗುಲಿತು. ಅದು ರಂಗದ ಮೊಂಡು ಆಯುಧವಾಗಿರದೆ ನಿಜವಾದ ಕಠಾರಿಯಾಗಿದ್ದಿತು. ಕ್ರೋಜಿಯರನು ಅಲ್ಲಿಯೇ ಸತ್ತನು. ಅದನ್ನು ಆಕಸ್ಮಿಕ ಮರಣವೆಂದು ನಿರ್ಣಯಿಸಲಾಯಿತು. ಎಂಟು, ಹತ್ತುಗಳ ಎಣಿಕೆ ಕಾಯುತ್ತಿದ್ದುದು ಏನನ್ನು ಎಂಬುದನ್ನು ತಿಳಿಯಲು ಇದೊಂದು ಸಾಲದೆ?

ಮುಂದಿನ ಸಂಗತಿಗಳು ವಾಚಕರಲ್ಲಿ ಅನೇಕರಿಗೆ ತಿಳಿದೇ ಇವೆ. ೧೯೦೪ರ ಡಿಸೆಂಬರ್ ೨೭ರಂದು ಬ್ಯಾರಿಯ ‘ಪೀಟರ್ ಪ್ಯಾನ್’ನಲ್ಲಿ ಜೆರಾಲ್ಡ್ ದ್ಯು ಮೋರಿಯೆಯು ಕ್ಯಾಪ್ಟನ್ ಹುಕ್ಕನಾದನು, ಕಡಲ್ಗಳ್ಳನು ಮಕ್ಕಳಿಗೆ ಸೋಲುವವನಾದನು. ಆಮೇಲೆ ಚಲಚ್ಚಿತ್ರ: ೧೯೨೬ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸನ ‘ಬ್ಲ್ಯಾಕ್ ಪೈರೇಟ್’, ೧೯೩೫ರಲ್ಲಿ ಎರಲ್ ಫ್ಲಿನ್ನನ ‘ಕ್ಯಾಪ್ಟನ್ ಬ್ಲಡ್’. ಎರಡರಲ್ಲಿಯೂ ಕತ್ತಿವರಸೆಯನ್ನು ಹೊಂದಿಸಿದವನು ಫ್ರೆಡ್ ಕೇವೆನ್ಸ್ ಎಂಬ ಬೆಲ್ಜಿಯಂ ದೇಶದ ಗುರು. ಕಾಳಗವನ್ನು ಹೊಂದಿಸುವವರಿಗೆ ಬ್ರಿಟನ್ನಿನಲ್ಲಿ ೧೯೬೯ರಲ್ಲಿಯೂ ಅಮೆರಿಕದಲ್ಲಿ ೧೯೭೭ರಲ್ಲಿಯೂ ಸಂಘಗಳು ಸ್ಥಾಪಿತವಾದವು. ಪರಂಪರೆಯಿಂದ ಬಂದ ಎಣಿಕೆಯ ಸ್ಥಾನದಲ್ಲಿ ಪರೀಕ್ಷೆಯೂ ಯೋಗ್ಯತಾಪತ್ರವೂ ಬಂದವು. ಫ್ಲಾರಿಡಾದ ಟಾಂಪ ಪಟ್ಟಣದಲ್ಲಿ ೧೯೦೪ರಿಂದ ಗಸ್ಪರಿಲ್ಲ ಎಂಬ ಉತ್ಸವದಲ್ಲಿ ಊರಿನ ವರ್ತಕರೇ ಕಡಲ್ಗಳ್ಳರ ವೇಷ ಹಾಕಿ ಊರಿಗೆ ಮುತ್ತಿಗೆ ಹಾಕುತ್ತಾರೆ. ಆ ಉತ್ಸವದ ನಾಯಕನಾದ ಹೋಸೆ ಗಸ್ಪಾರನೆಂಬುವನು ಚರಿತ್ರೆಯಲ್ಲಿ ಇದ್ದವನೇ ಅಲ್ಲ.

ಕಡೆಯದಾಗಿ ಅಮೆರಿಕದ ಲಾಸ್ ವೇಗಾಸ್ ಪಟ್ಟಣದ ವಿಚಾರ. ಅಲ್ಲಿ ‘ಟ್ರೆಷರ್ ಐಲೆಂಡ್’ ಎಂಬ ಹೆಸರಿನ ದೊಡ್ಡ ಹೋಟೆಲು ೧೯೯೩ರ ಅಕ್ಟೋಬರಿನಲ್ಲಿ ತೆರೆಯಿತು. ಅದರ ಮುಂದೆ ಬೀದಿಯ ಅಂಚಿನಲ್ಲಿ ಒಂದು ಕೃತಕ ಕೊಲ್ಲಿ. ಕೊಲ್ಲಿಯಲ್ಲಿ ‘ಹಿಸ್ಪಾನಿಯೋಲ’ ಎಂಬ ಕಡಲ್ಗಳ್ಳರ ಹಡಗು ಮತ್ತು ‘ಬ್ರಿಟಾನಿಯ’ ಎಂಬ ಆಂಗ್ಲ ಯುದ್ಧನೌಕೆ. ಹಣವಿಲ್ಲದೆ ಬೀದಿಯಲ್ಲಿ ನಿಂತವರ ಕಣ್ಣೆದುರಿಗೆ ನಟರು ಪ್ರತಿರಾತ್ರಿಯೂ ಹಲವು ಸಲ ಕತ್ತಿ ಫಿರಂಗಿಗಳಿಂದ ಹೋರಾಡಿ, ಕೂವೆಮರದಿಂದ ನೀರಿಗೆ ಹಾರುತ್ತಿದ್ದರು. ಡಿಬ್ಡಿನನ ತೊಟ್ಟಿಯೇ ಮರುಭೂಮಿಯ ನಡುವೆ ಮತ್ತೆ ತುಂಬಿದಂತಾಯಿತು. ಆದರೆ ೧೭೯೮ರಲ್ಲಿ ಊಹೆಗೂ ಮೀರಿದ್ದುದು ಇಲ್ಲಿ ನಿತ್ಯದ ಆಟವಾಗಿದ್ದಿತು. ಪ್ರತಿ ಪ್ರಯೋಗದಲ್ಲಿಯೂ ಗೆಲ್ಲುತ್ತಿದ್ದವರು ಕಡಲ್ಗಳ್ಳರು. ಮುಳುಗುತ್ತಿದ್ದುದು ಬ್ರಿಟಾನಿಯ, ಅದರೊಡನೆ ಅದರ ನಾಯಕನೂ. ಅರ್ವಿರಾಗಸನಿಂದ ಹೊರಟ ನಾಯಕತ್ವವು ಇಲ್ಲಿಗೆ ಪೂರ್ಣವಾಯಿತು. ಸೆರೆಯಾದ ರಾಜಕುಮಾರಿಯಾದರೋ ಈ ಆಟದಲ್ಲಿ ಇರಲೇ ಇಲ್ಲ. ೨೦೦೩ರಲ್ಲಿ ಕಥೆಯನ್ನು ಬದಲಾಯಿಸಿ ಕಳ್ಳರೆದುರಿಗೆ ಮೋಹಿನಿಯರನ್ನು ನಿಲ್ಲಿಸಲಾಯಿತು. ೨೦೧೩ರಲ್ಲಿ ಆ ಪ್ರದರ್ಶನವೂ ನಿಂತುಹೋಯಿತು.